ಓನರ್‌ಗೆ ಫೋನ್ ಮಾಡಿ

ಕೊಳೆತ ಆಲೂಗಡ್ಡೆಯ ನಾತ ಹೇಗಿರುತ್ತದೆ ಅಂತ ಹಾಸನದವರಿಗೆ ಹೇಳಬೇಕಾಗಿಲ್ಲ. ಬೇರೆ ಊರಿನವರಿಗಾದರೆ ಹೀಗೆ ಹೇಳಬಹುದು. ಮೊದಲು ಇಲಿ ಸತ್ತಿರಬೇಕು ಅಂತ ಅಟ್ಟ ಹುಡುಕುತ್ತೀರಿ. ಆಮೇಲೆ ಮೋರಿ ಕಟ್ಟಿಕೊಂಡಿದೆ ಅಂತ ಹೊರಗೆ ಹೋಗಿ ಬಗ್ಗಿ ನೋಡುತ್ತೀರಿ. ಎರಡೂ ಅಲ್ಲ ಅಂತ ಗೊತ್ತಾಗುವಷ್ಟರಲ್ಲಿ ಎರಡು ದಿನ ಕಳೆದಿರುತ್ತದೆ, ಮನೆಯಲ್ಲಿ ಯಾರಿಗೂ ಸಾರು ಅನ್ನ ಇಳಿಯುತ್ತಿರುವುದಿಲ್ಲ.

ನಮ್ಮ ಬೀದಿ ಸಾಲಗಾಮೆ ರಸ್ತೆಯಿಂದ ಒಳಗೆ ತಿರುಗಿದರೆ ಸಿಗುತ್ತದೆ. ಹದಿನಾರು ಮನೆ, ಮೂರು ಖಾಲಿ ಸೈಟು, ಎಲ್ಲರೂ ಅನ್ನ ಹಾಕುವ, ಯಾರೂ ನಮ್ಮದು ಅನ್ನದ ಒಂದು ನಾಯಿ. ಪಕ್ಕದ ಮನೆಯ ಮೇಲಂತಸ್ತಿನಲ್ಲಿ ಇಂಜಿನಿಯರಿಂಗ್ ಓದುವ ಐದು ಹುಡುಗರು ಬಾಡಿಗೆಗಿದ್ದಾರೆ. ಕೆಳಗೆ ಷಟರ್ ಹಾಕಿದ ಒಂದು ಉದ್ದನೆಯ ಷೆಡ್ಡು. ಮಾಲೀಕರು ಬೆಂಗಳೂರಿನಲ್ಲಿ.

ಹೋದ ವರ್ಷ ಆ ಷೆಡ್ಡನ್ನು ಒಬ್ಬರು ಎರಡು ತಿಂಗಳ ಮಟ್ಟಿಗೆ ಹಿಡಿದರು. ನಮ್ಮ ಕಡೆ ಮುಂಗಾರಿಗೆ ಮುಂಚೆ ಜಲಂಧರ್‌ನಿಂದ ಲಾರಿಗಟ್ಟಲೆ ಬಿತ್ತನೆ ಆಲೂಗಡ್ಡೆ ಬರುತ್ತದೆ. ಎಪಿಎಂಸಿ ಯಾರ್ಡಿನ ಸುತ್ತಮುತ್ತ ಆ ದಿನಗಳಲ್ಲಿ ಪಂಜಾಬಿನ ಮೂಟೆಗಳದ್ದೇ ರಾಜ್ಯ. ಮಳೆ ಸರಿಯಾಗಿ ಹಿಡಿದರೆ ಮೂಟೆಗಳು ಹೊಲಕ್ಕೆ ಹೋಗುತ್ತವೆ. ಮಳೆ ಕೈಕೊಟ್ಟರೆ, ಇಲ್ಲ ಅತಿಯಾದರೆ, ಇಲ್ಲ ದರ ಬಿದ್ದರೆ, ಒಂದಷ್ಟು ಉಳಿದುಬಿಡುತ್ತವೆ. ಹಾಗೆ ಉಳಿದ ಮೂಟೆಗಳು ಗಾಳಿಯಾಡದ ಆ ಷೆಡ್ಡಿನಲ್ಲಿ ಒಂದರ ಮೇಲೊಂದು ಕೂತಿದ್ದವು. ಆಲೂಗಡ್ಡೆಯೂ ಉಸಿರಾಡುವ ವಸ್ತು. ಗಾಳಿ ಇಲ್ಲದೆ ಬೆವರುತ್ತದೆ. ಬೆವರಿದ್ದು ಮೆತ್ತಗಾಗುತ್ತದೆ. ಮೆತ್ತಗಾದದ್ದು ಪಕ್ಕದ್ದನ್ನೂ ಕೆಡಿಸುತ್ತದೆ. ಜೂನ್ ಎರಡನೇ ವಾರಕ್ಕೆ ಷಟರ್ ಕೆಳಗಿನಿಂದ ಕಂದು ಬಣ್ಣದ ನೀರು ಹರಿದು ನಮ್ಮ ಗೇಟಿನ ಮುಂದೆ ನಿಂತಿತು.

ಮೇಲಿನ ಹುಡುಗರನ್ನು ಕೇಳಿದೆ. "ಆಂಟಿ, ನಮಗೂ ಸಾಕಾಗಿದೆ. ಅದು ನಮ್ದಲ್ಲ. ಓನರ್‌ಗೆ ಫೋನ್ ಮಾಡಿ" ಅಂದರು.

ಓನರ್‌ಗೆ ಫೋನ್ ಮಾಡಿದೆ. ತುಂಬ ಮರ್ಯಾದೆಯಿಂದ ಮಾತಾಡಿದರು. "ನಾನು ಬಾಡಿಗೆಗೆ ಕೊಟ್ಟುಬಿಟ್ಟಿದೀನಿ ಮೇಡಂ. ಒಳಗೆ ಏನಿಡ್ತಾರೋ ನನಗೇನು ಗೊತ್ತು? ನಾವು ಬೆಂಗಳೂರಲ್ಲಿದೀವಿ. ಅವರನ್ನೇ ಕೇಳಿ. ನೋಡೋಣ, ನಾನೂ ಒಂದು ಮಾತು ಹೇಳ್ತೀನಿ."

ಬಾಡಿಗೆ ಹಿಡಿದವರಿಗೆ ಫೋನ್ ಮಾಡಿದೆ. "ಮೂಟೆ ನಂದಲ್ಲ ಮೇಡಂ, ಪಾರ್ಟಿದು. ನಾನು ಬರೀ ಜಾಗ ಕೊಡಿಸಿದ್ದು. ಅಲ್ಲ, ಓನರ್ರೇ ಏನೂ ಹೇಳಿಲ್ಲ, ನಿಮಗೇನು ತೊಂದರೆ?"

ಒಂದು ಕಚೇರಿಗೆ ಹೋದೆ. ಖಾಸಗಿ ಜಾಗದ ಒಳಗೆ ನಾವು ಕೈ ಹಾಕೋಕಾಗಲ್ಲ, ಅರ್ಜಿ ಬರೆದುಕೊಟ್ಟು ಹೋಗಿ ಅಂದರು. ಕೊಟ್ಟೆ. ಅದರ ಸೀಲು ಹಾಕಿದ ಪ್ರತಿ ಈಗಲೂ ನನ್ನ ಬೀರುವಿನಲ್ಲಿದೆ, ಚೆನ್ನಾಗಿದೆ.

ಹನ್ನೊಂದು ದಿನ ಹೀಗೇ ನಡೆಯಿತು. ಅಮ್ಮನಿಗೆ ಎಪ್ಪತ್ತೆಂಟು. ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ಈ ನಾತ. ಹಾಸನಕ್ಕೆ ಬಡವರ ಊಟಿ ಅಂತ ಹೆಸರು. ಆ ಹನ್ನೊಂದು ದಿನ ಊಟಿಯಲ್ಲಿ ನಾವು ಸೆರಗಿನಿಂದ ಮೂಗು ಮುಚ್ಚಿಕೊಂಡು ಬದುಕಿದೆವು. ನಮ್ಮ ರಸ್ತೆಯಲ್ಲೇ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇದೆ. 36,000 ಕಿಲೋಮೀಟರ್ ಮೇಲಿರುವ ಉಪಗ್ರಹ ಜಾಗ ಬಿಟ್ಟು ಅಲುಗಿದರೂ ಅಲ್ಲಿ ಕೂತವರಿಗೆ ತಿಳಿಯುತ್ತದೆ. ಬೆಂಗಳೂರಿನಲ್ಲಿ ಕೂತವರಿಗೆ ಸುಮಾರು 185 ಕಿಲೋಮೀಟರ್ ದೂರದ ಸ್ವಂತ ಷೆಡ್ಡಿನ ಸುದ್ದಿ ಫೋನ್ ಮಾಡಿ ಹೇಳಿದರೂ ತಿಳಿಯಲಿಲ್ಲ.

ನಾನು ಕಾನೂನು ಓದಿದವಳಲ್ಲ. ಪಿಯು ಕಾಲೇಜಿನಲ್ಲಿ ಅಕೌಂಟೆನ್ಸಿ ಹೇಳಿಕೊಡುತ್ತೇನೆ. ಆದರೆ ಲೆಕ್ಕದಲ್ಲಿ ಒಂದು ಅಭ್ಯಾಸ ಇದೆ. ಡೆಬಿಟ್ ಯಾರ ತಲೆಗೆ ಬಿತ್ತು ಅಂತ ಗೊತ್ತಾಗುವ ತನಕ ಪುಸ್ತಕ ಮುಚ್ಚುವುದಿಲ್ಲ. ನಮ್ಮ ಬೀದಿಯಲ್ಲೇ ಇರುವ, ವಕೀಲಿಕೆ ಬಿಟ್ಟು ಮನೆಯಲ್ಲಿ ಕೂತಿರುವ ಹಿರಿಯರೊಬ್ಬರನ್ನು ಕೇಳಿದೆ. ಅವರು ತೋರಿಸಿದ್ದು ಹಳೆಯ ದಂಡ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿಯ 133ನೇ ಕಲಮು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ, ಅದರಲ್ಲಿ ಇದು 152ನೇ ಕಲಮು. ಜನರ ಆರೋಗ್ಯಕ್ಕೆ, ನೆಮ್ಮದಿಗೆ ಕೇಡಾಗುವ ಸರಕು ಇಟ್ಟರೆ ಅದನ್ನು ತೆಗೆಸುವಂತೆ ಉಪವಿಭಾಗದ ಮ್ಯಾಜಿಸ್ಟ್ರೇಟರು, ಅಂದರೆ ನಾವು ಎಸಿ ಅನ್ನುವ ಅಧಿಕಾರಿ, ಆದೇಶ ಕೊಡಬಹುದು. ಕೊಳೆತ ಸರಕು, ಬೀಳುವ ಹಾಗಿರುವ ಗೋಡೆ, ಬಾಯಿ ತೆರೆದ ಬಾವಿ, ರಸ್ತೆಗೆ ವಾಲಿದ ಮರ, ಕಚ್ಚುವ ಪ್ರಾಣಿ, ಎಲ್ಲವೂ ಆ ಕಲಮಿನಲ್ಲಿವೆ. ಬರೆದವರು ನಮ್ಮ ಬೀದಿಯನ್ನು ನೋಡಿಯೇ ಬರೆದರೇನೋ ಅನ್ನಿಸಿತು.

ನನ್ನ ಕಣ್ಣು ನಿಂತದ್ದು ಬೇರೆ ಕಡೆ. ಆದೇಶ ಯಾರಿಗೆ ಕೊಡಬಹುದು ಅನ್ನುವ ಸಾಲಿನಲ್ಲಿ. ತೊಂದರೆ ಮಾಡುತ್ತಿರುವವನಿಗೆ, ಸರಕು ಇಟ್ಟವನಿಗೆ, ಕಟ್ಟಡ ಯಾರದೋ ಅವನಿಗೆ, ಯಾರ ಸ್ವಾಧೀನದಲ್ಲಿದೆಯೋ ಅವನಿಗೆ, ಯಾರ ಹತೋಟಿಯಲ್ಲಿದೆಯೋ ಅವನಿಗೆ. ನಾನು ಹನ್ನೊಂದು ದಿನ ಯಾವ ಮೂರು ಜನರ ಮಧ್ಯೆ ಚೆಂಡಿನ ಹಾಗೆ ಓಡಾಡಿದ್ದೆನೋ, ಆ ಮೂವರೂ, ಓನರ್, ಬಾಡಿಗೆ ಹಿಡಿದವರು, ಮೂಟೆಯ ಪಾರ್ಟಿ, ಒಂದೇ ಸಾಲಿನಲ್ಲಿ ಕೂತಿದ್ದರು.

ಅಂದೇ ಸಂಜೆ ಬೆಂಗಳೂರಿಗೆ ಫೋನ್ ಮಾಡಿ ಮೆತ್ತಗೆ ಹೇಳಿದೆ. "ಸಾರ್, ನಾಳೆ ಎಸಿ ಆಫೀಸಿಗೆ ಅರ್ಜಿ ಕೊಡ್ತಿದೀನಿ. ಮೂವರ ಹೆಸರೂ ಬರೆದಿದೀನಿ. ನಿಮ್ಮ ಇನಿಷಿಯಲ್ ಸರಿಯಾಗಿ ಹೇಳ್ತೀರಾ?"

ಮರುದಿನ ಬೆಳಗ್ಗೆ ಏಳಕ್ಕೆ ಟ್ರ್ಯಾಕ್ಟರ್ ಬಂತು. ಮೂಟೆ ಎತ್ತಲು ಬಂದವರು ಬಾಯಿಗೆ ಟವೆಲ್ ಕಟ್ಟಿಕೊಂಡಿದ್ದರು. ನಾಲ್ಕು ಜನ. ಅಮ್ಮ ಅವರಿಗೆ ಮಜ್ಜಿಗೆ ಕೊಟ್ಟು ಕಳಿಸಿದಳು. ಈ ನಾತದಲ್ಲಿ ತಮ್ಮ ತಪ್ಪೇನೂ ಇಲ್ಲದೆ ಕೈ ಹಾಕಿದವರು ಅವರು ಮಾತ್ರ.

ಇಷ್ಟಕ್ಕೆ ಈ ಬರಹ ಮುಗಿಸಿದ್ದರೆ ನನಗೂ ಗೆದ್ದ ಖುಷಿ ಇರುತ್ತಿತ್ತು. ಆದರೆ ಆಮೇಲೆ ಈ ವಿಷಯ ನನ್ನ ತಲೆ ಬಿಡಲಿಲ್ಲ. ನಮ್ಮ ಕಡೆ ಬಾಡಿಗೆ ಅನ್ನುವುದು ಇಬ್ಬರ ವ್ಯವಹಾರ. ಹನ್ನೊಂದು ತಿಂಗಳ ಕರಾರು, ಛಾಪಾ ಕಾಗದ, ಎರಡು ಸಹಿ. ಹನ್ನೊಂದೇ ಯಾಕೆ ಅಂದರೆ ವರ್ಷಕ್ಕಿಂತ ಹೆಚ್ಚಾದರೆ ನೋಂದಣಿ ಮಾಡಿಸಬೇಕು, 1908ರ ನೋಂದಣಿ ಕಾಯ್ದೆ ಹಾಗೆ ಹೇಳುತ್ತದೆ. ಟೈಪ್ ಮಾಡುವ ಅಂಗಡಿಯವರ ಹತ್ತಿರ ಒಂದು ಸಿದ್ಧ ಪ್ರತಿ ಇರುತ್ತದೆ. ಅದರಲ್ಲಿ ಎಲ್ಲೋ ಏಳನೆಯದೋ ಎಂಟನೆಯದೋ ಷರತ್ತು: ಎರಡನೇ ಪಾರ್ಟಿಯವರು ನೆರೆಹೊರೆಯವರಿಗೆ ಯಾವುದೇ ತೊಂದರೆಯಾಗದಂತೆ ನಡೆದುಕೊಳ್ಳತಕ್ಕದ್ದು. ನೋಡಿ, ನಮ್ಮ ಹೆಸರು ಅಲ್ಲಿ ಬಂದೇ ಬರುತ್ತದೆ. ಆದರೆ ನಮ್ಮ ಸಹಿ ಇಲ್ಲ. ನಮ್ಮ ಕೈಯಲ್ಲಿ ಒಂದು ಪ್ರತಿಯೂ ಇಲ್ಲ. ನಮಗಾಗಿ ಬರೆದ ಷರತ್ತನ್ನು ಜಾರಿ ಮಾಡಬೇಕಾದವರು ಬಾಡಿಗೆ ತೆಗೆದುಕೊಳ್ಳುವವರು. ಬಾಡಿಗೆ ಸರಿಯಾಗಿ ಬರುತ್ತಿದ್ದರೆ ಅವರು ಯಾಕೆ ಮಾತಾಡುತ್ತಾರೆ?

ಭೋಗ್ಯದ ಮನೆಯಾದರೆ ಇನ್ನೂ ಕಷ್ಟ. ಮೂರು ವರ್ಷಕ್ಕೆ ಅಂತ ಒಟ್ಟಿಗೆ ಲಕ್ಷಗಟ್ಟಲೆ ದುಡ್ಡು ತೆಗೆದುಕೊಂಡು ಮಾಲೀಕ ಕಾಣೆಯಾಗುತ್ತಾನೆ. ತಿಂಗಳಿಗೊಮ್ಮೆ ಬಾಡಿಗೆಗಾದರೂ ಬಂದು ಮುಖ ತೋರಿಸುವ ಕೆಲಸವೂ ಅವನಿಗಿಲ್ಲ. ಒಳಗಿರುವವರು ನಮ್ಮ ದುಡ್ಡು ಅವರ ಹತ್ತಿರ ಇದೆ, ರಿಪೇರಿ ಅವರೇ ಮಾಡಿಸಲಿ ಅನ್ನುತ್ತಾರೆ. ಮಾಲೀಕ ಅನುಭವಿಸುತ್ತಿರುವವರು ಅವರು, ಅವರೇ ಮಾಡಿಸಲಿ ಅನ್ನುತ್ತಾನೆ. ಮಧ್ಯೆ ಶೌಚದ ಗುಂಡಿ ಉಕ್ಕಿ ಬೀದಿಗೆ ಬರುತ್ತದೆ.

ಮಾಲೀಕರ ಕೈಯಲ್ಲಿ ಅಧಿಕಾರ ಇಲ್ಲದೆ ಇಲ್ಲ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯಲ್ಲೇ ಅಕ್ಕಪಕ್ಕದವರಿಗೆ ಕಿರಿಕಿರಿ ಕೊಡುವ ಬಾಡಿಗೆದಾರರನ್ನು ಬಿಡಿಸಬಹುದು ಅಂತ ಇತ್ತು. ಆ ಕಾರಣ ಹಿಡಿದು ಬಿಡಿಸಬೇಕಾದವರು ಮಾತ್ರ ಮಾಲೀಕರೇ. ಕಿರಿಕಿರಿ ನಮ್ಮದು, ಕೇಸು ಅವರದು.

ಈಗ ನನ್ನ ಕಥೆಗೆ ಬರುತ್ತೇನೆ. ಇದನ್ನು ಬರೆಯೋದಾ ಬೇಡವಾ ಅಂತ ಎರಡು ವಾರ ಯೋಚಿಸಿದೆ.

ಅಪ್ಪ ತೀರಿಕೊಂಡ ಮೇಲೆ ಚಿಕ್ಕಮಗಳೂರಿನ ಅಂಚಿನ ಬಡಾವಣೆಯೊಂದರಲ್ಲಿ ಒಂದು ಮೂವತ್ತು-ನಲವತ್ತರ ಸೈಟು ನನ್ನ ಹೆಸರಿಗೆ ಬಂತು. ವರ್ಷಕ್ಕೊಮ್ಮೆ ಕಂದಾಯ ಕಟ್ಟುತ್ತೇನೆ. ಮಗಳ ಓದಿಗೆ ಬೇಕಾದಾಗ ಮಾರಿದರಾಯಿತು ಅಂತ ಬಿಟ್ಟಿದ್ದೆ. ಸೈಟು ಅಂದರೆ ನನಗೆ ಒಂದು ಫೈಲು. ಹಸಿರು ಟ್ಯಾಗ್ ಹಾಕಿದ ಫೈಲು.

ಆಲೂಗಡ್ಡೆ ಮುಗಿದು ಮೂರು ತಿಂಗಳಾಗಿತ್ತು. ಗೊತ್ತಿಲ್ಲದ ನಂಬರಿನಿಂದ ಫೋನ್. "ಮೇಡಂ, ನಿಮ್ಮ ಸೈಟಿನ ಪಕ್ಕದ ಮನೆಯವಳು ನಾನು. ನಂಬರ್ ಹುಡುಕೋಕೆ ಎರಡು ತಿಂಗಳು ಹಿಡೀತು. ನಿಮ್ಮ ಸೈಟಲ್ಲಿ ಹಾವು ಬಂದಿದೆ. ಸೊಳ್ಳೆ ಹೇಳೋ ಹಾಗಿಲ್ಲ. ನನ್ನ ಮಗನಿಗೆ ಡೆಂಗಿ ಆಗಿ ಆಸ್ಪತ್ರೆಗೆ ಹಾಕಿದ್ವಿ."

ನನ್ನ ಬಾಯಿಂದ ಬಂದ ಮೊದಲ ಮಾತು ಏನು ಗೊತ್ತಾ? "ಅಯ್ಯೋ ಹೌದಾ? ನಾವು ಹಾಸನದಲ್ಲಿದೀವಿ ಅಲ್ವಾ. ನೋಡೋಣ, ಯಾರಿಗಾದರೂ ಒಂದು ಮಾತು ಹೇಳ್ತೀನಿ." ಫೋನಿಟ್ಟ ಮೇಲೆ ಆ ದನಿಯನ್ನು ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿತು.

ಭಾನುವಾರ ಬೇಲೂರಿನ ಮೇಲೆ ಹೋಗುವ ಬಸ್ಸು ಹತ್ತಿ ಹೋದೆ. ಅರವತ್ತು ಚಿಲ್ಲರೆ ಕಿಲೋಮೀಟರ್. ಆರು ವರ್ಷದಲ್ಲಿ ಮೊದಲ ಸಲ. ಸೈಟನ್ನು ಗುರುತು ಹಿಡಿಯುವುದೇ ಕಷ್ಟವಾಯಿತು. ಎದೆಮಟ್ಟ ಕಾಂಗ್ರೆಸ್ ಗಿಡ ಬೆಳೆದು ಬಿಳಿ ಹೂ ಬಿಟ್ಟು ನಿಂತಿತ್ತು. ಈ ಗಿಡ ಮೈ ಕೆರೆತಕ್ಕೆ, ಉಬ್ಬಸಕ್ಕೆ ಹೆಸರಾದದ್ದು. ಎಪ್ಪತ್ತರ ದಶಕದಲ್ಲೇ ನಮ್ಮ ರಾಜ್ಯ ಇದನ್ನು ಕಾಯ್ದೆಯಡಿ ಕೇಡಿನ ಕಳೆ ಅಂತ ಸಾರಿತ್ತು. ಕಳೆಗೆ ಅದು ತಿಳಿದಿಲ್ಲ. ನನ್ನಂಥ ಮಾಲೀಕರಿಗೂ ತಿಳಿದಿರಲಿಲ್ಲ.

ಗಿಡದ ಬುಡದಲ್ಲಿ ಎಳನೀರು ಬುರುಡೆಗಳು, ಪೇಂಟ್ ಡಬ್ಬಗಳು, ಒಡೆದ ಕಮೋಡು, ಯಾರದೋ ಮನೆ ಕಟ್ಟಿದ ಮೇಲೆ ಉಳಿದ ಕಾಂಕ್ರೀಟ್ ಚೂರು. ಒಂದು ಬುರುಡೆ ಕಾಲಿನಿಂದ ಹೊರಳಿಸಿದೆ. ಒಳಗಿನ ತಿಳಿನೀರಿನಲ್ಲಿ ಮರಿಗಳು ಕೊಕ್ಕೆಯ ಹಾಗೆ ಬಳುಕುತ್ತಿದ್ದವು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮೋರಿ ಬೇಕಿಲ್ಲ, ಇಂಥ ಒಂದು ಹಿಡಿ ತಿಳಿನೀರು ಸಾಕು. ಮೊಟ್ಟೆಯಿಂದ ರೆಕ್ಕೆ ಬರಲು ಒಂದು ವಾರ, ಹತ್ತು ದಿನ. ನೀರು ಒಣಗಿದರೂ ಮೊಟ್ಟೆ ತಿಂಗಳುಗಟ್ಟಲೆ ಕಾಯುತ್ತದೆ. ಹಗಲು ಹೊತ್ತಲ್ಲೇ ಕಚ್ಚುತ್ತದೆ, ಹೆಚ್ಚು ದೂರವೂ ಹಾರುವುದಿಲ್ಲ. ಅಂದರೆ ಆ ಹುಡುಗನಿಗೆ ಕಚ್ಚಿದ್ದು ನನ್ನ ಸೈಟಿನ ಸೊಳ್ಳೆ ಇರಬಹುದು. ಇಲ್ಲದೆಯೂ ಇರಬಹುದು. ಆ ಎರಡನೇ ವಾಕ್ಯವನ್ನು ನಾನು ಬಸ್ಸಿನಲ್ಲಿ ವಾಪಸ್ ಬರುವಾಗ ಎಷ್ಟು ಸಲ ಹೇಳಿಕೊಂಡೆನೋ.

2024ರಲ್ಲಿ ಡೆಂಗಿ ಜೋರಾದಾಗ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಅಂತ ಸಾರಿ, 2020ರ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಅಡಿ ದಂಡದ ನಿಯಮ ತಂದಿತು. ಸೊಳ್ಳೆ ಹುಟ್ಟಲು ಬಿಟ್ಟ ಮನೆಗೆ ಪಟ್ಟಣದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200. ಅಂಗಡಿ, ಕಚೇರಿಗಳಿಗೆ ಪಟ್ಟಣದಲ್ಲಿ 1,000. ಖಾಲಿ ಸೈಟು, ಕಟ್ಟುತ್ತಿರುವ ಕಟ್ಟಡ, ಪಾಳುಬಿದ್ದ ಜಾಗಕ್ಕೆ ಪಟ್ಟಣದಲ್ಲಿ 2,000. ವಾಸದ ಮನೆಯ ಐದು ಪಟ್ಟು. ಬರೆದವರ ಲೆಕ್ಕ ನನಗೆ ಹಿಡಿಸಿತು. ಮನೆಯಲ್ಲಿರುವವನಿಗೆ ಸೊಳ್ಳೆ ತನಗೂ ಕಚ್ಚುತ್ತದೆ ಅನ್ನುವ ಭಯ ಇರುತ್ತದೆ. ದೂರ ಇರುವವನಿಗೆ ಆ ಭಯ ಇಲ್ಲ, ಅದಕ್ಕೆ ದುಡ್ಡಿನ ರೂಪದಲ್ಲಾದರೂ ಒಂದು ಕಡಿತ ಬೇಕು. ಹಳೆಯ ಐಪಿಸಿಯಲ್ಲಿ ಸಾರ್ವಜನಿಕ ಉಪದ್ರವಕ್ಕೆ ಹೆಚ್ಚೆಂದರೆ 200 ರೂಪಾಯಿ ದಂಡ ಇತ್ತು. ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 292ನೇ ಕಲಮಿನಲ್ಲಿ ಅದು 1,000 ಆಗಿದೆ. ಸೈಟಿನ ಬೆಲೆ ಮೂವತ್ತು ಲಕ್ಷ ದಾಟಿರುವಾಗ ಎರಡೂ ಒಂದೇ, ಬಿಡಿ.

ನನಗೆ ಯಾರೂ ದಂಡ ಹಾಕಲಿಲ್ಲ. ಜೆಸಿಬಿಯವನು ಎರಡೂವರೆ ಗಂಟೆ ಕೆಲಸ ಮಾಡಿದ. ಪಕ್ಕದ ಮನೆಯವರು ಕಾಫಿ ಕೊಟ್ಟರು. ಹುಡುಗ ಚೇತರಿಸಿಕೊಂಡು ವರಾಂಡದಲ್ಲಿ ಕೇರಂ ಆಡುತ್ತಿದ್ದ. ಅವನ ಮುಖ ನೋಡಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಕಾಫಿ ಕುಡಿಯುವಾಗ ಅವರಮ್ಮ ತಾವಾಗಿಯೇ ಹೇಳಿದರು: "ಸುಳ್ಳು ಯಾಕೆ ಹೇಳಲಿ ಮೇಡಂ, ಕಸದ ಗಾಡಿ ಬರದ ದಿನ ನಾವೂ ಒಂದೆರಡು ಕವರ್ ಅಲ್ಲೇ ಎಸೆದಿದೀವಿ. ಖಾಲಿ ಜಾಗ ಅಲ್ವಾ."

ಖಾಲಿ ಜಾಗ ಅಲ್ವಾ. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಬುರುಡೆ ನಾನು ಎಸೆದದ್ದಲ್ಲ. ಆದರೆ ಎಸೆಯಬಹುದು ಅನ್ನಿಸುವ ಹಾಗೆ ಆರು ವರ್ಷ ಬಿಟ್ಟದ್ದು ನಾನೇ. ಇನ್ನು ಕಸದ ಗಾಡಿ ಯಾಕೆ ಬರಲಿಲ್ಲ ಅನ್ನುವುದು ನಮ್ಮಿಬ್ಬರಿಗೂ ಮೇಲಿನ ಪ್ರಶ್ನೆ. ಮಧ್ಯಪ್ರದೇಶದ ರತ್ಲಾಮ್‌ನಲ್ಲಿ ಒಂದು ವಾರ್ಡಿನ ಜನ ಇದೇ 133ನೇ ಕಲಮು ಹಿಡಿದು ಪುರಸಭೆಯ ಮೇಲೇ ಹೋಗಿದ್ದರು, ತೆರೆದ ಮೋರಿಯ ನಾತ ತಡೆಯಲಾರದೆ. ನಮ್ಮ ಹತ್ತಿರ ದುಡ್ಡಿಲ್ಲ ಅಂತ ಪುರಸಭೆ ಸುಪ್ರೀಂ ಕೋರ್ಟಿನ ತನಕ ವಾದ ಮಾಡಿತು. 1980ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಪೀಠ ಆ ವಾದವನ್ನು ಒಪ್ಪಲಿಲ್ಲ. ಹಾಗಾಗಿ ಸೈಟಿನ ಮಾಲೀಕರನ್ನು ಬೈಯುವಾಗ ಈ ಮೂರನೆಯವರನ್ನು ಮರೆಯಬಾರದು. ಮರೆತರೆ ಅವರಿಗೆ ಬಹಳ ಅನುಕೂಲ.

ಇನ್ನೊಂದು ಕಡೆಯೂ ಇದೆ. ಅದನ್ನು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಆಲೂಗಡ್ಡೆ ಗಲಾಟೆ ಆದಮೇಲೆ ಬೆಂಗಳೂರಿನ ಮಾಲೀಕರಿಗೆ ಒಮ್ಮೆಲೇ ಜವಾಬ್ದಾರಿ ಬಂತು. ಅತಿಯಾಗಿಯೇ ಬಂತು. ಮೇಲಿನ ಹುಡುಗರನ್ನೂ ಖಾಲಿ ಮಾಡಿಸುತ್ತೇನೆ, ಇನ್ನು ಫ್ಯಾಮಿಲಿಗೆ ಮಾತ್ರ ಕೊಡುತ್ತೇನೆ ಅಂದರು. ಬೀದಿಯಲ್ಲಿ ಕೆಲವರು ಒಳ್ಳೇದಾಯ್ತು ಅಂದರು. ಹುಡುಗರು ಮಾಡಿದ್ದೇನು? ಒಂದು ಶನಿವಾರ ತಾರಸಿಯ ಮೇಲೆ ಸ್ಪೀಕರ್ ಇಟ್ಟು ಹುಟ್ಟುಹಬ್ಬ ಮಾಡಿದ್ದರು. ರಾತ್ರಿ ಹನ್ನೊಂದೂವರೆ. ಯಾರೋ 112ಕ್ಕೆ ಫೋನ್ ಮಾಡೋಣ ಅಂದರು. ನಾನು ಮೆಟ್ಟಿಲು ಹತ್ತಿ ಹೋಗಿ ಅಮ್ಮ ಮಲಗಿದ್ದಾಳೆ ಕಣ್ರಪ್ಪ ಅಂದೆ. ಸ್ಪೀಕರ್ ಆಫ್ ಆಯಿತು, ಕೇಕ್ ಕೈಗೆ ಬಂತು. ನಿಯಮ ನನಗೂ ಗೊತ್ತು. ರಾತ್ರಿ 10ರಿಂದ ಬೆಳಗ್ಗೆ 6ರ ತನಕ ವಸತಿ ಪ್ರದೇಶದಲ್ಲಿ ಮಿತಿ 45 ಡೆಸಿಬಲ್. ಖಾಸಗಿ ಸ್ಪೀಕರ್ ಆದರೆ ಅದರ ಜಾಗದ ಗಡಿಯಲ್ಲಿ ಇದಕ್ಕಿಂತ 5 ಡೆಸಿಬಲ್ ಮೇಲೆ ಹೋಗಬಾರದು. ನಿಮ್ಮ ಕಾಂಪೌಂಡಿನ ಗೋಡೆ ದಾಟುವಾಗ ಸದ್ದು ಎಷ್ಟಿದೆ ಅನ್ನುವುದೇ ಲೆಕ್ಕ. ಆದರೆ ಹಾಸನಾಂಬೆಯ ಬಾಗಿಲು ತೆಗೆದ ದಿನಗಳಲ್ಲಿ ನಮ್ಮ ಗೇಟಿಗೆ ಅಡ್ಡ ನಾಲ್ಕು ಕಾರು ನಿಂತಿದ್ದರೂ ನಾವು ಯಾರಿಗೂ ಏನೂ ಅನ್ನುವುದಿಲ್ಲ. ಬಂದಿರುವುದು ನಮ್ಮ ಬೀದಿಯವರ ನೆಂಟರು. ಹುಡುಗರಿಗೆ ನೆಂಟರಿಲ್ಲ, ಅಷ್ಟೇ ವ್ಯತ್ಯಾಸ.

ಬಾಡಿಗೆ ಬೋರ್ಡುಗಳನ್ನು ನೋಡುತ್ತಾ ಹೋದರೆ ಗೊತ್ತಾಗುತ್ತದೆ. ಫ್ಯಾಮಿಲಿಗೆ ಮಾತ್ರ. ಸಸ್ಯಾಹಾರಿಗಳಿಗೆ ಮಾತ್ರ. ಬೋರ್ಡಿನಲ್ಲಿ ಬರೆಯದ, ಫೋನಿನಲ್ಲಿ ಹೆಸರು ಕೇಳಿದ ಮೇಲೆ ಹೇಳುವ ಷರತ್ತುಗಳು ಇನ್ನೂ ಇವೆ. ಇವೆಲ್ಲಕ್ಕೂ ಕೊಡುವ ಕಾರಣ ಒಂದೇ, ಅಕ್ಕಪಕ್ಕದವರಿಗೆ ತೊಂದರೆ ಆಗುತ್ತೆ. ಪಕ್ಕದ ಮನೆಯಲ್ಲಿ ಮೀನು ಹುರಿದರೆ ನನಗೇನೂ ತೊಂದರೆ ಇಲ್ಲ, ಹಸಿವಾಗುತ್ತದೆ. ನನ್ನ ಹೆಸರಿನಲ್ಲಿ ಇನ್ನೊಬ್ಬರಿಗೆ ಮನೆ ಇಲ್ಲ ಅನ್ನುವ ಹಕ್ಕು ಮಾಲೀಕರಿಗೆ ಯಾರು ಕೊಟ್ಟರು?

ಮಾಲೀಕರ ಕತ್ತು ಹಿಡಿದರೆ ಅವರು ಬಾಡಿಗೆದಾರರ ಕತ್ತು ಹಿಡಿಯುತ್ತಾರೆ. ಅಮೆರಿಕದ ಪೆನ್ಸಿಲ್ವೇನಿಯಾದ ನಾರಿಸ್‌ಟೌನ್ ಅನ್ನುವ ಊರಿನಲ್ಲಿ ಒಂದು ನಿಯಮ ಇತ್ತು. ನಾಲ್ಕು ತಿಂಗಳಲ್ಲಿ ಮೂರು ಸಲ ಗಲಾಟೆ ಅಂತ ಒಂದು ಮನೆಗೆ ಪೊಲೀಸರು ಬಂದರೆ ಮಾಲೀಕನ ಬಾಡಿಗೆ ಲೈಸೆನ್ಸ್ ಹೋಗಬಹುದು, ಒಳಗಿರುವವರು ಖಾಲಿ ಮಾಡಬೇಕಾಗಬಹುದು. ಕೇಳಲು ಚೆನ್ನಾಗಿದೆ. 2012ರಲ್ಲಿ ಅಲ್ಲಿನ ಒಬ್ಬ ಹೆಂಗಸಿಗೆ ಗೆಳೆಯ ಹೊಡೆದು ಚುಚ್ಚಿ ಗಾಯ ಮಾಡಿದ. ಮನೆ ಹೋಗುತ್ತದೆ ಅನ್ನುವ ಭಯಕ್ಕೆ ಆಕೆ ಪೊಲೀಸರನ್ನು ಕರೆಯಲೇ ಹೆದರಿದಳು. 2013ರಲ್ಲಿ ಕೇಸು ಬಿತ್ತು, 2014ರಲ್ಲಿ ಊರು ರಾಜಿಗೆ ಬಂತು, ನಿಯಮ ತೆಗೆದರು. ಕೂಗು ಕೇಳಿದರೆ ಪಕ್ಕದವರಿಗೆ ಕಿರಿಕಿರಿ. ಕೂಗುವವಳಿಗೆ ಅದು ಜೀವ.

ಹಾಗಾಗಿ ಬೆಂಗಳೂರಿಗೆ ಮತ್ತೊಮ್ಮೆ ಫೋನ್ ಮಾಡಿದೆ. ಹುಡುಗರನ್ನು ಬಿಡಿಸಬೇಡಿ, ನಮಗೆ ಅವರಿಂದ ತೊಂದರೆ ಇಲ್ಲ ಅಂದೆ. ಅವರಿಗೆ ಆಶ್ಚರ್ಯವಾಯಿತು. "ಅಲ್ಲ ಮೇಡಂ, ಕಂಪ್ಲೇಂಟ್ ಮಾಡಿದ್ದೇ ನೀವಲ್ವಾ?"

"ಆಲೂಗಡ್ಡೆ ಮೇಲೆ ಸಾರ್. ಹುಡುಗರ ಮೇಲಲ್ಲ."

ಹುಡುಗರು ಉಳಿದರು. ಷೆಡ್ಡಿಗೆ ಈಗ ಹೊಸಬರು ಬಂದಿದ್ದಾರೆ, ಮದುವೆ ಮನೆಗಳಿಗೆ ಪಾತ್ರೆ, ಕುರ್ಚಿ ಕೊಡುವವರು. ಬೆಳಗ್ಗೆ ಐದಕ್ಕೆ ಸ್ಟೀಲ್ ಕೊಳಗಗಳನ್ನು ಲಾರಿಗೆ ತುಂಬುವ ಸದ್ದು ಒಂದು ಬಗೆಯ ಸುಪ್ರಭಾತ. ನಾನು ಕೇಳಿಕೊಂಡ ಮೇಲೆ ಮಾಲೀಕರು ಷಟರ್ ಪಕ್ಕ ತಮ್ಮ ನಂಬರ್ ಬರೆಸಿದ್ದಾರೆ, ಕೆಂಪು ಅಕ್ಷರದಲ್ಲಿ. ಸದ್ಯ ಅದಕ್ಕೆ ಫೋನ್ ಮಾಡುತ್ತಿರುವವರು ಮನೆ ಖಾಲಿ ಇದೆಯಾ ಅಂತ ಕೇಳುವವರೇ ಜಾಸ್ತಿಯಂತೆ.

ಚಿಕ್ಕಮಗಳೂರಿನ ಸೈಟಿನ ಮುಂದೆ ನಾನೂ ಒಂದು ತಗಡು ನೆಟ್ಟು ನನ್ನ ನಂಬರ್ ಬರೆಸಿದೆ. ನಿನ್ನೆ ಪಕ್ಕದ ಮನೆಯವರು ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದ್ದಾರೆ. ಮಾತೇನೂ ಇಲ್ಲ, ಬರೀ ಫೋಟೋ. ಮೊದಲ ಮಳೆ ಬಿದ್ದಿದೆ. ತಗಡಿನ ಬುಡದಲ್ಲಿ ಕಾಂಗ್ರೆಸ್ ಗಿಡ ಆಗಲೇ ಗೇಣುದ್ದ ಎದ್ದಿದೆ. ಹೂ ಬಿಡಲು ಇನ್ನು ಎರಡು ಮೂರು ವಾರ ಇರಬಹುದು. ಭಾನುವಾರ ಬೇಲೂರು ಬಸ್ಸು ಹತ್ತಬೇಕು. ಕುಡುಗೋಲನ್ನು ಸಾಣೆಗೆ ಕೊಟ್ಟಿದ್ದೇನೆ.